ಅರ್ಧ, ಕಾಲು, ಅರೆಕಾಲು, ವೀಸ

ಕಳೆದ ತಿಂಗಳು ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಈಗ ಐವತ್ತರ ಹತ್ತಿರದ ಗೃಹಸ್ಥ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡಿದ್ದಾನೆ. ಕುಶಲ ವಿಚಾರಿಸಿದ ಮೇಲೆ, "ಸಾ, ನೀವು ಅವತ್ತು ಬೋರ್ಡಿನ ಮ್ಯಾಲೆ ಒಂದು ಲೆಕ್ಕ ಹಾಕಿದ್ರಲ್ಲ, ಅರ್ಧ, ಕಾಲು, ಅರೆಕಾಲು ಅಂತ, ಅದು ನಿಜವಾ?" ಎಂದು ಕೇಳಿದ. ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಾತು. ನಾನು ಮರೆತಿದ್ದೆ. ಅವನು ಮರೆತಿರಲಿಲ್ಲ.

ಅದು 1991ನೆಯ ಇಸವಿ. ಹತ್ತನೆಯ ತರಗತಿಗೆ ಅನುವಂಶೀಯತೆಯ ಪಾಠ ನಡೆದಿತ್ತು. ಮೆಂಡಲನ ಬಟಾಣಿ ಗಿಡ, ಉದ್ದ ಗಿಡ, ಗಿಡ್ಡ ಗಿಡ, ಮೂರಕ್ಕೆ ಒಂದು. ನಿಮ್ಮಲ್ಲಿ ಹಲವರು ಆ ಚೌಕಗಳನ್ನು ನನ್ನ ಒತ್ತಾಯಕ್ಕೆ ಹತ್ತು ಹತ್ತು ಸಲ ಬರೆದವರೇ. ಆಗ ಕೊನೆಯ ಬೆಂಚಿನಿಂದ ಈ ಹುಡುಗ ಎದ್ದು ನಿಂತು ಕೇಳಿದ: "ಸಾ, ಹಳ್ಳಿಕಾರ್ ಹಸೀಗೆ ಸೀಮೆ ಹೋರಿ ಇಂಜೆಕ್ಷನ್ ಹಾಕ್ಸಿ, ಆಮ್ಯಾಲೆ ಮತ್ತೆ ನಾಟಿ ಹೋರಿಗೇ ಬಿಟ್ರೆ, ನಮ್ಮ ಹಳ್ಳಿಕಾರ್ ವಾಪಸ್ ಬತ್ತೈತಾ?"

ಒಳ್ಳೆಯ ಪ್ರಶ್ನೆ ಎಂದು ನನಗೂ ಖುಷಿಯಾಯಿತು. ಕಪ್ಪು ಹಲಗೆಯ ಮೇಲೆ ಬರೆದೆ. ಮೊದಲ ಕರುವಿನಲ್ಲಿ ಸೀಮೆಯ ರಕ್ತ ಅರ್ಧ. ಅದನ್ನು ಹಳ್ಳಿಕಾರ್ ಹೋರಿಗೆ ಕೂಡಿಸಿದರೆ ಕಾಲು. ಮುಂದಿನದರಲ್ಲಿ ಅರೆಕಾಲು, ಅದರ ಮುಂದಿನದರಲ್ಲಿ ವೀಸ. ನನ್ನ ತಾತ ಬಾಯಿಪಾಠ ಮಾಡಿಸಿದ್ದ ಭಿನ್ನರಾಶಿಯ ಮಗ್ಗಿ ಅಂದು ಉಪಯೋಗಕ್ಕೆ ಬಂದಿತು. "ಐದನೆಯ ತಲೆಗೆ ಸೀಮೆ ರಕ್ತ ಇಲ್ಲವೆಂದೇ ಲೆಕ್ಕ" ಎಂದು ಸೀಮೆಸುಣ್ಣ ಕೆಳಗಿಟ್ಟೆ.

ಹುಡುಗ ಕುಳಿತುಕೊಳ್ಳಲಿಲ್ಲ. ಅವರ ಪಕ್ಕದ ಮನೆಯಲ್ಲಿ ಒಂದು ಮಿಶ್ರತಳಿ ಹಸು ಇತ್ತಂತೆ. ಅದನ್ನು ಊರ ಬಸವನಿಗೆ ಬಿಟ್ಟು ಎರಡು ಸೂಲು ಆಗಿದ್ದವು. ಮೊದಲನೆಯ ಕರುವಿಗೆ ಹಿಣಿಲು, ಗಂಗೆದೊಗಲು ಎಲ್ಲವೂ ಚೆನ್ನಾಗಿ ಬಂದಿದ್ದವು; ಎರಡನೆಯದಕ್ಕೆ ಬೆನ್ನು ಸೀಮೆ ಹಸುವಿನಂತೆ ಮಟ್ಟಸ. "ಎರಡರಲ್ಲೂ ಕಾಲೇ ಆದ್ರೆ ಎರಡೂ ಒಂದೇ ಥರ ಇರ್ಬೇಕಲ್ವಾ ಸಾ?"

ನನ್ನಲ್ಲಿ ಉತ್ತರವಿರಲಿಲ್ಲ. ಬಿ.ಎಡ್. ಓದುವಾಗ, ಪ್ರಶ್ನೆ ಕೇಳುವ ಮಗುವನ್ನು ಪ್ರೋತ್ಸಾಹಿಸಬೇಕೆಂದು ಪಾಠಟಿಪ್ಪಣಿಯಲ್ಲಿ ಅಂದವಾಗಿ ಬರೆದು ಅಂಕ ಪಡೆದವನು ನಾನು. ಅಂದು ಹೇಳಿದ್ದು ಮಾತ್ರ, "ಅದು ಪಠ್ಯದಲ್ಲಿಲ್ಲ, ಕೂತ್ಕೋ."

ಅವನು ಹೋಗಿ ಮನೆಯಲ್ಲಿ ನನ್ನ ಲೆಕ್ಕವನ್ನು ಹೇಳಿದನಂತೆ. ಅವರ ಕೊಟ್ಟಿಗೆಯಲ್ಲಿ ಗೌರಿ ಎಂಬ ಹಳ್ಳಿಕಾರ್ ಹಸು ಇತ್ತು. ಇಂಜೆಕ್ಷನ್ ಹಾಕಿಸಬೇಕೋ ಬೇಡವೋ ಎಂದು ತಂದೆಗೂ ಅಜ್ಜಿಗೂ ಜಗಳ ನಡೆದಿತ್ತು. ಮೇಷ್ಟ್ರೇ ಹೇಳಿದ್ದಾರೆ, ಬೇಕಾದಾಗ ವಾಪಸ್ ತರಬಹುದು ಎಂಬ ಮಾತಿಗೆ ಅಜ್ಜಿ ಸುಮ್ಮನಾದರಂತೆ. ಇದನ್ನು ಅವನು ದೂರೆಂದು ಹೇಳಲಿಲ್ಲ. ಹಾಲು ಮಾರಿಯೇ ತಂಗಿಯರ ಮದುವೆ ಆಯಿತು ಎಂದೂ ಹೇಳಿದ. ಆದರೆ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಅಂದು ಕೊಡಬೇಕಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಅದಕ್ಕೆ ಸ್ವಲ್ಪ ಚರಿತ್ರೆ ಬೇಕು.

ರಕ್ತದ ಲೆಕ್ಕ ನನ್ನೊಬ್ಬನ ತಪ್ಪಲ್ಲ. ಅದು ಬಹಳ ದೊಡ್ಡವರ ತಪ್ಪು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಲೆಸ್ಟರ್‌ಷೈರಿನ ಡಿಷ್ಲಿ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ ಎಂಬ ರೈತನಿದ್ದ. ಒಳ್ಳೆಯದನ್ನು ಒಳ್ಳೆಯದಕ್ಕೇ ಕೂಡಿಸು, ಹತ್ತಿರದ ನೆಂಟಸ್ತಿಕೆಯಾದರೂ ಚಿಂತೆಯಿಲ್ಲ ಎಂಬುದು ಅವನ ಪದ್ಧತಿ. 1795ರಲ್ಲಿ ಅವನು ತೀರಿಕೊಂಡ. ಅವನಿಂದ ಕಲಿತವರಲ್ಲಿ ಡಾರ್ಲಿಂಗ್‌ಟನ್ ಹತ್ತಿರದ ಕೆಟನ್ನಿನ ಚಾರ್ಲ್ಸ್ ಕಾಲಿಂಗ್ ಒಬ್ಬ. ಇವನ ಕೊಟ್ಟಿಗೆಯಲ್ಲಿ ಫೇವರಿಟ್ ಎಂಬ ಷಾರ್ಟ್‌ಹಾರ್ನ್ ಹೋರಿಯಿತ್ತು. ಅದನ್ನು ಹೆತ್ತ ತಾಯಿ ಫೀನಿಕ್ಸ್‌ಗೇ ಕೂಡಿಸಿದರು. ಹುಟ್ಟಿದ ಹೆಣ್ಣುಗರು ಯಂಗ್ ಫೀನಿಕ್ಸ್. ಅದು ಬೆಳೆದ ಮೇಲೆ ಮತ್ತೆ ತಂದೆ ಫೇವರಿಟ್‌ಗೇ ಕೂಡಿಸಿದರು. 1804ರಲ್ಲಿ ಹುಟ್ಟಿದ್ದು ಕಾಮೆಟ್. ಓದುವಾಗ ನಮಗೆ ಮುಜುಗರವಾಗುತ್ತದೆ, ಕಾಲಿಂಗನಿಗೆ ಆಗಲಿಲ್ಲ. 1810ರ ಹರಾಜಿನಲ್ಲಿ ನಾಲ್ವರು ಸೇರಿ ಆ ಹೋರಿಯನ್ನು 1000 ಗಿನ್ನಿಗೆ ಕೊಂಡರು. ಒಂದು ಹೋರಿಗೆ ಅಷ್ಟು ಹಣ ಬಂದುದು ಅದೇ ಮೊದಲು. 1822ರಲ್ಲಿ ಜಾರ್ಜ್ ಕೋಟ್ಸ್ ಎಂಬಾತ ಷಾರ್ಟ್‌ಹಾರ್ನ್ ದನಗಳ ವಂಶಾವಳಿಯನ್ನೇ ಪುಸ್ತಕವಾಗಿ ಅಚ್ಚುಹಾಕಿಸಿದ. ನಮ್ಮ ಹೆಳವರು ಮನೆಮನೆಗೆ ಬಂದು ವಂಶ ಹೇಳುತ್ತಿದ್ದರಲ್ಲ, ಹಾಗೆ; ಆದರೆ ದನಗಳಿಗೆ!

ಇವರೆಲ್ಲರೂ ನಂಬಿದ್ದು ರಕ್ತವನ್ನು. ತಂದೆಯ ರಕ್ತ ಅರ್ಧ, ತಾಯಿಯದು ಅರ್ಧ, ಹಾಲಿಗೆ ನೀರು ಬೆರೆತಂತೆ ಎರಡೂ ಬೆರೆಯುತ್ತವೆ ಎಂದು. ಈ ನಂಬಿಕೆ ಡಾರ್ವಿನ್ನನಿಗೂ ತೊಡಕಾಯಿತು. 1867ರಲ್ಲಿ ಫ್ಲೀಮಿಂಗ್ ಜೆಂಕಿನ್ ಎಂಬ ಎಂಜಿನಿಯರ್ ಡಾರ್ವಿನ್ನನ ಸಿದ್ಧಾಂತವನ್ನು ವಿಮರ್ಶಿಸುತ್ತ, ಹೀಗೆ ಬೆರೆಯುವುದಾದರೆ ಯಾವ ಹೊಸ ಗುಣವೂ ಪ್ರತಿ ತಲೆಮಾರಿನಲ್ಲಿ ಅರ್ಧರ್ಧವಾಗುತ್ತ ಕರಗಿಹೋಗಬೇಕಲ್ಲವೇ ಎಂದು ಆಕ್ಷೇಪಿಸಿದ. ನಾನು 1991ರಲ್ಲಿ ಹಲಗೆಯ ಮೇಲೆ ಬರೆದದ್ದು ಅದೇ ಲೆಕ್ಕ. ತಮಾಷೆಯೆಂದರೆ ಮೆಂಡಲ್ ಅದಕ್ಕೆ ಉತ್ತರವನ್ನು 1866ರಲ್ಲೇ ಅಚ್ಚುಮಾಡಿಸಿದ್ದ. ಅದು ಲೋಕದ ಕಣ್ಣಿಗೆ ಬೀಳಲು 1900 ಬರಬೇಕಾಯಿತು. ನನ್ನ ತರಗತಿಯಲ್ಲಂತೂ ಅದೇ ಮೆಂಡಲನ ಪಾಠ ಮಾಡುತ್ತಲೇ, ಪ್ರಶ್ನೆ ದನದ್ದಾದೊಡನೆ ನಾನು ಜೆಂಕಿನ್ನನ ಕಡೆಗೆ ಹೋಗಿಬಿಟ್ಟಿದ್ದೆ.

ಮೆಂಡಲನ ಉತ್ತರವನ್ನು ಷಾರ್ಟ್‌ಹಾರ್ನ್ ಸಾಕಿದವರು ದಿನವೂ ಕೊಟ್ಟಿಗೆಯಲ್ಲಿ ನೋಡುತ್ತಿದ್ದರು. ಕೆಂಪು ಹಸುವಿಗೂ ಬಿಳಿ ಹೋರಿಗೂ ಹುಟ್ಟುವ ಕರು, ಕೆಂಪು ಬಿಳಿ ಕೂದಲುಗಳು ಕಲೆತ 'ರೋನ್' ಬಣ್ಣದ್ದು. ಬಣ್ಣ ಬೆರೆತು ಮುಗಿಯಿತು ಎನ್ನಿಸುತ್ತದೆ. ಆದರೆ ಎರಡು ರೋನ್‌ಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲೊಂದು ಅಚ್ಚ ಕೆಂಪು, ಒಂದು ಅಚ್ಚ ಬಿಳಿ, ಎರಡು ರೋನ್. ಕೆಂಪು ಎಲ್ಲಿಯೂ ತೆಳುವಾಗಿರಲಿಲ್ಲ. ಬೆರೆಯುವುದು ಹಾಲು ನೀರಿನಂತಲ್ಲ, ರಾಗಿ ಜೋಳದಂತೆ. ಕಾಳು ಕಾಳಾಗಿಯೇ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ವಿಷಯ ಸುಲಭ. ಆದರೆ ಕಾಳುಗಳು ಬಿಡಿಬಿಡಿಯಾಗಿ ಚೀಲದಲ್ಲಿಲ್ಲ, ದಾರದಲ್ಲಿ ಪೋಣಿಸಿವೆ. ಆ ದಾರಗಳೇ ವರ್ಣತಂತುಗಳು. ದನಗಳಲ್ಲಿ 60, ಎಂದರೆ 30 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ. ಹಸು ತನ್ನ ಅಂಡಕ್ಕೆ ಪ್ರತಿ ಜೋಡಿಯಿಂದ ಒಂದನ್ನು ಮಾತ್ರ ಕೊಡುತ್ತದೆ. ಯಾವುದನ್ನು ಎಂಬುದು ನಾಣ್ಯ ಚಿಮ್ಮಿದಂತೆ. ಮೂವತ್ತು ನಾಣ್ಯ ಚಿಮ್ಮಿದರೆ 107 ಕೋಟಿಗೂ ಮೀರಿದ ಬಗೆಗಳಾಗುತ್ತವೆ. ಅದರ ಮೇಲೆ ಇನ್ನೊಂದು ಆಟವಿದೆ. ಜೋಡಿಯ ಎರಡು ದಾರಗಳು ಬೇರೆಯಾಗುವ ಮೊದಲು ಒಂದನ್ನೊಂದು ತಬ್ಬಿ, ನಡುನಡುವೆ ತುಂಡಾಗಿ, ತುಂಡುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಕೂಡಿಕೊಳ್ಳುತ್ತವೆ. ಇದೇ ಪುನಸ್ಸಂಯೋಜನೆ. ದನಗಳಲ್ಲಿ ಒಂದು ವೀರ್ಯಾಣುವಿಗೋ ಅಂಡಕ್ಕೋ ಇಂಥ ಬದಲಾವಣೆ ಸುಮಾರು 25 ಕಡೆ ಆಗುತ್ತದೆ. ಮನುಷ್ಯರಲ್ಲಿ ಇದು ಹೆಣ್ಣಿನಲ್ಲಿ ಹೆಚ್ಚು. ದನಗಳಲ್ಲಿ ಹಸುವಿಗಿಂತ ಹೋರಿಯಲ್ಲಿ ತುಸು ಹೆಚ್ಚು.

ಇದನ್ನು ಕಂಡುಕೊಂಡದ್ದು ದನಗಳಲ್ಲಲ್ಲ, ಬಾಳೆಹಣ್ಣಿಗೆ ಮುತ್ತುವ ಸಣ್ಣ ನೊಣದಲ್ಲಿ. ನ್ಯೂಯಾರ್ಕಿನಲ್ಲಿ ಥಾಮಸ್ ಹಂಟ್ ಮಾರ್ಗನ್ 1910ರಿಂದ ನೊಣಗಳನ್ನು ಎಣಿಸುತ್ತಿದ್ದ. ಕೆಲವು ಗುಣಗಳು ಸದಾ ಜೊತೆಯಾಗಿ ಬರುತ್ತಿದ್ದವು, ಆದರೆ ಆಗೊಮ್ಮೆ ಈಗೊಮ್ಮೆ ಅಗಲುತ್ತಿದ್ದವು. ದಾರದಲ್ಲಿ ದೂರವಿದ್ದವು ಹೆಚ್ಚು ಸಲ ಅಗಲಬೇಕು, ಹತ್ತಿರವಿದ್ದವು ಕಡಿಮೆ. ಹಾಗಾದರೆ ಅಗಲಿಕೆಯ ಲೆಕ್ಕದಿಂದಲೇ ದೂರವನ್ನು ಅಳೆಯಬಹುದಲ್ಲ ಎಂದು ಅವನ ಶಿಷ್ಯ ಆಲ್‌ಫ್ರೆಡ್ ಸ್ಟರ್ಟವಂಟ್‌ಗೆ ಹೊಳೆಯಿತು. ಇನ್ನೂ ಪದವಿ ಮುಗಿಸದ ಹುಡುಗ. ಕಾಲೇಜಿನ ಮನೆಗೆಲಸ ಬದಿಗಿಟ್ಟು ರಾತ್ರಿ ಬಹುಪಾಲು ಕುಳಿತು ಜಗತ್ತಿನ ಮೊದಲ ವಂಶವಾಹಿ ನಕ್ಷೆಯನ್ನು ಬರೆದ. ಅದು 1913ರಲ್ಲಿ ಪ್ರಕಟವಾಯಿತು. ಮನೆಗೆಲಸ ಮಾಡದೆ ಬಂದವರನ್ನು ಬಾಗಿಲ ಹೊರಗೆ ನಿಲ್ಲಿಸಿದ ನನಗೆ ಈ ಕಥೆ ಹೇಳುವುದು ಸ್ವಲ್ಪ ಕಷ್ಟ.

ಈಗ ಆ ಎರಡು ಕರುಗಳಿಗೆ ಬರೋಣ. ತಾಯಿ ಅರ್ಧ ಸೀಮೆ, ಅರ್ಧ ಹಳ್ಳಿಕಾರ್. ಇಲ್ಲಿ 'ಅರ್ಧ' ಎಂಬುದು ನಿಜವಾದ ಅರ್ಧ, ಏಕೆಂದರೆ ಪ್ರತಿ ಜೋಡಿಯಲ್ಲೂ ಒಂದು ದಾರ ಸೀಮೆಯದು, ಒಂದು ನಮ್ಮದು. ಆದರೆ ಅದು ತನ್ನ ಕರುವಿಗೆ ಕೊಡುವುದು ಎರಡನ್ನೂ ಕತ್ತರಿಸಿ ಹೊಲಿದ ಕೌದಿಯನ್ನು. ಒಂದು ಕರುವಿಗೆ ಹೋದ ಕೌದಿಯಲ್ಲಿ ಹಳ್ಳಿಕಾರ್ ತುಂಡುಗಳು ಹೆಚ್ಚಿರಬಹುದು, ಇನ್ನೊಂದರಲ್ಲಿ ಸೀಮೆಯವು. ಹಿಣಿಲಿಗೆ ಸಂಬಂಧಿಸಿದ ತುಂಡುಗಳು ಒಂದಕ್ಕೆ ಸಿಕ್ಕವು, ಇನ್ನೊಂದಕ್ಕೆ ತಪ್ಪಿದವು. ಕಾಲು ಎಂಬುದು ಇಂಥ ನೂರಾರು ಕರುಗಳ ಸರಾಸರಿ. ಕೊಟ್ಟಿಗೆಯಲ್ಲಿ ಕಟ್ಟಿರುವ ಒಂದು ಕರುವಿನ ಗುಣವಲ್ಲ. ಹುಡುಗ ಕಣ್ಣಾರೆ ಕಂಡದ್ದು ಸರಿ. ಅವನನ್ನು ಕೂರಿಸಿದ ಮೇಷ್ಟ್ರು ತಪ್ಪು.

ಭಿನ್ನರಾಶಿಗೆ ಸರಿಯಾದ ಅರ್ಥ ಕೊಟ್ಟವನು ಅಮೆರಿಕದ ಸೂವಾಲ್ ರೈಟ್. ಅಲ್ಲಿನ ಕೃಷಿ ಇಲಾಖೆಯಲ್ಲಿ ಪಶುಸಂಗೋಪನೆಯ ಕೆಲಸದಲ್ಲಿದ್ದಾಗ, 1922ರಲ್ಲಿ ಅವನು ರಕ್ತದ ಪಾಲನ್ನು ಬಿಟ್ಟು ಸಂಭವನೀಯತೆಯನ್ನು ಹಿಡಿದ. ಒಂದು ಪ್ರಾಣಿಯಲ್ಲಿ ಯಾವುದಾದರೂ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನ ಒಂದೇ ಪ್ರತಿಯಿಂದ ಬಂದಿರುವ ಸಾಧ್ಯತೆ ಎಷ್ಟು? ಕೋಟ್ಸನ ಪುಸ್ತಕದ ವಂಶಾವಳಿ ಹಿಡಿದು ಕಾಮೆಟ್ ಹೋರಿಗೆ ಲೆಕ್ಕ ಹಾಕಿದರೆ ನೂರಕ್ಕೆ 47 ಬಂದಿತು. ಬಂಧುಗಳು ಬೇಸರಿಸಬಾರದು: ಇದೇ ಲೆಕ್ಕದಲ್ಲಿ ನಮ್ಮ ಕಡೆ ನಡೆಯುತ್ತಿದ್ದ ಸೋದರಮಾವನ ಮದುವೆಯ ಮಕ್ಕಳಿಗೆ ಅರೆಕಾಲು, ಅತ್ತೆಮಗಳ ಮದುವೆಯ ಮಕ್ಕಳಿಗೆ ವೀಸ. ನಮ್ಮ ಮನೆತನದಲ್ಲಿ ಎರಡಕ್ಕೂ ಉದಾಹರಣೆಗಳಿವೆ, ಮುಂದೆ ಬರೆಯುವುದಿಲ್ಲ.

ಎರಡು ಪ್ರತಿಗಳೂ ಒಂದೇ ಆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕಾಲದ್ದೇ ಒಂದು ಕಥೆಯಿದೆ. 1962ರಲ್ಲಿ ಅಮೆರಿಕದಲ್ಲಿ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿ ಹುಟ್ಟಿತು. ಅದರ ಹೆಣ್ಣುಮಕ್ಕಳು ಹಾಲನ್ನು ಹೊಳೆ ಹರಿಸಿದವು. ಕೃತಕ ಗರ್ಭಧಾರಣೆಯ ಕಾಲ. ಒಂದು ಹೋರಿ ಸಾವಿರಾರು ಊರುಗಳಿಗೆ ತಂದೆಯಾಗಬಲ್ಲದು. ಚೀಫ್‌ಗೆ 16,000 ಹೆಣ್ಣುಮಕ್ಕಳು, ಸುಮಾರು 5 ಲಕ್ಷ ಮೊಮ್ಮಕ್ಕಳು, 20 ಲಕ್ಷಕ್ಕೂ ಹೆಚ್ಚು ಮರಿಮಕ್ಕಳು. ಹೋಲ್‌ಸ್ಟೀನ್ ತಳಿಯ ಒಟ್ಟು ವಂಶವಾಹಿಗಳಲ್ಲಿ ನೂರಕ್ಕೆ ಹತ್ತಿರ ಹತ್ತಿರ 14 ಪಾಲು ಈ ಒಂದೇ ಹೋರಿಯದು.

ಅದರ ಐದನೆಯ ವರ್ಣತಂತುವಿನ ಒಂದು ಪ್ರತಿಯಲ್ಲಿ ಒಂದು ಸಣ್ಣ ಕೆಡುಕಿತ್ತು. ಭ್ರೂಣ ಬೆಳೆಯಲು ಬೇಕಾದ ಒಂದು ವಂಶವಾಹಿಯಲ್ಲಿ ಒಂದಕ್ಷರದ ತಪ್ಪು. ಒಂದು ಪ್ರತಿ ಸರಿಯಿದ್ದರೆ ತೊಂದರೆಯಿಲ್ಲ. ಮೊಮ್ಮಕ್ಕಳಿಗೂ ಮರಿಮಕ್ಕಳಿಗೂ ತಮ್ಮತಮ್ಮಲ್ಲೇ ಸಂಬಂಧವಾಗುತ್ತ ಬಂದಾಗ ಎರಡೂ ಪ್ರತಿ ಕೆಟ್ಟ ಭ್ರೂಣಗಳಾದವು, ಹಸುಗಳು ಕಂದು ಹಾಕಿದವು. ರೈತ ಮೇವನ್ನೋ ನೀರನ್ನೋ ದೂರಿದ. ಸಾಯುತ್ತಿದ್ದವು ಇನ್ನೂ ಹುಟ್ಟದ ಕರುಗಳಾದ್ದರಿಂದ ಯಾರ ಪುಸ್ತಕದಲ್ಲೂ ದಾಖಲಾಗಲಿಲ್ಲ.

ಕಂಡುಹಿಡಿದ ರೀತಿ ನನಗೆ ಬಹಳ ಇಷ್ಟ. 2011ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪಾಲ್ ವ್ಯಾನ್‌ರೇಡನ್ ಮತ್ತು ಸಂಗಡಿಗರು ಬದುಕಿರುವ ಸಾವಿರಾರು ದನಗಳ ಡಿಎನ್‌ಎ ನೋಡುತ್ತ, ಇರುವುದನ್ನು ಬಿಟ್ಟು ಇಲ್ಲದ್ದನ್ನು ಹುಡುಕಿದರು. ಪುನಸ್ಸಂಯೋಜನೆ ದಾರವನ್ನು ಕತ್ತರಿಸುವುದು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ. ಆದ್ದರಿಂದ ಕೆಲವೇ ತಲೆಮಾರುಗಳಲ್ಲಿ ದೊಡ್ಡ ದೊಡ್ಡ ತುಂಡುಗಳು ಒಡೆಯದೆ ಹಾಗೆಯೇ ಸಾಗಿ ಬರುತ್ತವೆ. ಅಂಥ ಒಂದು ತುಂಡು ಬಹಳ ದನಗಳಲ್ಲಿ ಒಂದು ಪ್ರತಿಯಾಗಿ ಇತ್ತು. ಲೆಕ್ಕದ ಪ್ರಕಾರ ಕೆಲವದರಲ್ಲಾದರೂ ಎರಡು ಪ್ರತಿ ಇರಬೇಕಿತ್ತು. ಒಂದರಲ್ಲೂ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿಗೆ ಸದಾ ಗೈರುಹಾಜರಿ ಬಿದ್ದರೆ ಮೇಷ್ಟ್ರಿಗೆ ಅನುಮಾನ ಬರಬೇಕು, ಹಾಗೆ. ವಂಶಾವಳಿ ಹಿಡಿದು ಹಿಂದೆ ಹೋದರೆ ದಾರಿ ಚೀಫ್‌ಗೆ ಮುಟ್ಟಿತು. 2016ರಲ್ಲಿ ಪ್ರಕಟವಾದ ಅಂದಾಜಿನಂತೆ ಆ ಒಂದಕ್ಷರದ ತಪ್ಪಿನಿಂದ ಜಗತ್ತಿನಲ್ಲಿ 5 ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಾದವು. ನಷ್ಟ 42 ಕೋಟಿ ಡಾಲರ್. ಅದೇ ಹೋರಿಯ ಒಳ್ಳೆಯ ತುಂಡುಗಳಿಂದ ಹೆಚ್ಚಿದ ಹಾಲಿನ ಬೆಲೆ 3000 ಕೋಟಿ ಡಾಲರ್. ಒಳ್ಳೆಯದೂ ಕೆಟ್ಟದ್ದೂ ಒಂದೇ ಹೋರಿಯಲ್ಲಿದ್ದರೂ ಒಂದಕ್ಕೊಂದು ಅಂಟಿಕೊಂಡಿರಲಿಲ್ಲ. ಪರೀಕ್ಷೆ ಮಾಡಿ ಕೆಟ್ಟ ತುಂಡನ್ನು ಬಿಟ್ಟು ಮಿಕ್ಕದ್ದನ್ನು ಉಳಿಸಿಕೊಳ್ಳಲು ಸಾಧ್ಯವಾಯಿತು.

ನಮ್ಮ ನಾಡಿನ ಮಾತು. ಕೃತಕ ಗರ್ಭಧಾರಣೆ ಭಾರತಕ್ಕೆ ಕಾಲಿಟ್ಟದ್ದು ನಮ್ಮಲ್ಲಿಯೇ, 1939ರಲ್ಲಿ, ಮೈಸೂರಿನ ಅರಮನೆಯ ಡೈರಿ ಫಾರ್ಮಿನಲ್ಲಿ. ಸಂಪತ್ ಕುಮಾರನ್ ಎಂಬ ಪಶುವೈದ್ಯರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ವೀರ್ಯ ಹಾಕಿ 33 ಹಸುಗಳು ಗಬ್ಬವಾದವು. ಗೌರಿಯ ಕಥೆ ಅಲ್ಲಿಯೇ ಶುರುವಾಯಿತೆನ್ನಬಹುದು.

ಹಳ್ಳಿಕಾರ್ ನೆಂಟಸ್ತಿಕೆಯ ಅಮೃತಮಹಲ್ ದನಗಳದು ಇನ್ನೊಂದು ಕಥೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದಾಯಿತು. ತೋಪುಗಳನ್ನು ಎಳೆಯಲು ಆ ಎತ್ತುಗಳಿಗೆ ಸಮನಿರಲಿಲ್ಲ. 1860ರಲ್ಲಿ ಮದರಾಸು ಸರಕಾರ ಖರ್ಚು ಉಳಿಸಲೆಂದು ಮಂದೆಯನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ತಪ್ಪು ತಿಳಿದು ಮತ್ತೆ ಕೂಡಿಹಾಕಬೇಕಾಯಿತು, 1882ರಲ್ಲಿ ಮಂದೆ ಮೈಸೂರು ಸರಕಾರದ ವಶಕ್ಕೆ ಬಂತು. ಇಂದು ಅಜ್ಜಂಪುರದಲ್ಲಿ ಆ ತಳಿ ಉಳಿದಿದೆ. ಚದುರಿದ್ದನ್ನು ಕೂಡಿಸಲು ಆದದ್ದು ಆ ಬಗೆಯ ದನಗಳು ಇನ್ನೂ ನಾಡಿನಲ್ಲಿ ಇದ್ದುದರಿಂದ. ನನ್ನ ಹಲಗೆಯ ಲೆಕ್ಕದಲ್ಲಿ ನಾನು ಕಡೆಗಣಿಸಿದ್ದು ಇದನ್ನೇ. ಕಾಲು, ಅರೆಕಾಲು ಎಂದು ಇಳಿಯಲು ಪ್ರತಿ ತಲೆಗೂ ಒಂದು ಹಳ್ಳಿಕಾರ್ ಹೋರಿ ಬೇಕು. ಹುಡುಗನ ಊರಿನ ಬಸವ ಸತ್ತ ಮೇಲೆ ಇನ್ನೊಂದನ್ನು ಬಿಡಲಿಲ್ಲ. ಪ್ರತಿ ಬೆದೆಗೂ ಇಂಜೆಕ್ಷನ್ನೇ ಆಯಿತು.

ಗೌರಿಯಿಂದ ಲೆಕ್ಕ ಹಿಡಿದರೆ ಈಗ ಅವನ ಕೊಟ್ಟಿಗೆಯಲ್ಲಿರುವುದು ಏಳನೆಯ ತಲೆಯ ಹಸು. ಮಗ್ಗಿಯಂತೆ ಗೌರಿಯ ಪಾಲು 128ರಲ್ಲಿ ಒಂದು. ಆದರೆ ಈಗ ನಾನು ತುಂಡುಗಳನ್ನು ಎಣಿಸುವುದನ್ನು ಕಲಿತಿದ್ದೇನೆ. ಮೂವತ್ತು ದಾರ, ತಲೆಗೊಮ್ಮೆ ಇಪ್ಪತ್ತೈದು ಕಡಿತ, ತಲೆಗೊಮ್ಮೆ ಅರ್ಧ ನಷ್ಟ ಎಂದು ಹಾಳೆಯ ಮೇಲೆ ಹಾಕಿ ನೋಡಿದರೆ, ಸರಾಸರಿ ಮೂರು ತುಂಡು ಉಳಿದಾವು. ಕೆಲವು ಹಸುಗಳಲ್ಲಿ ಐದಾರು, ಕೆಲವದರಲ್ಲಿ ಒಂದೂ ಇಲ್ಲ. ಅಜ್ಜಿ ಪ್ರೀತಿಸುತ್ತಿದ್ದ ಆ ನೀಳ ಮುಖ, ಆ ಕೊಂಬು, ಆ ನಡಿಗೆ ಆ ಮೂರರಲ್ಲಿ ಇರುವುದು ದೂರದ ಮಾತು.

ಇದನ್ನೆಲ್ಲ ಮರುದಿನ ನಾನೇ ಕರೆ ಮಾಡಿ ಹೇಳಿದೆ. ಅಂದು ನಾನು ತಪ್ಪು ಹೇಳಿದೆ ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಗೌರಿದು ಏನೂ ಉಳ್ದಿಲ್ವಾ ಸಾ?" ಎಂದ.

ಉಳಿದದ್ದು ಒಂದಿದೆ. ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಕಣಗಳಿವೆ, ಕೋಶದ ಒಲೆಗಳು ಎಂದು ಪಾಠ ಮಾಡಿದ್ದೆನಲ್ಲ. ಅವಕ್ಕೆ ತಮ್ಮದೇ ಪುಟ್ಟ ಡಿಎನ್‌ಎ ಇದೆ. ದನದ ಒಟ್ಟು ಬರೆಹ ಸುಮಾರು 270 ಕೋಟಿ ಅಕ್ಷರವಾದರೆ ಇದು 16,338 ಅಕ್ಷರ. ಇದು ತಾಯಿಯಿಂದ ಮಾತ್ರ ಬರುತ್ತದೆ, ತಂದೆಯದರೊಡನೆ ಬೆರೆಯುವುದಿಲ್ಲ, ಕತ್ತರಿಸಿ ಹೊಲಿಯುವ ಆಟ ಅಲ್ಲಿಲ್ಲ. ಬ್ರೆಜಿಲ್ಲಿನ ನೆಲೋರ್ ದನಗಳನ್ನು ನೋಡಿ: ನೋಟಕ್ಕೆ ಅಪ್ಪಟ ನಮ್ಮ ಓಂಗೋಲು. ಇಲ್ಲಿಂದ ಹೋದ ಹೋರಿಗಳನ್ನು ಅಲ್ಲಿನ ಯೂರೋಪ್ ಮೂಲದ ಹಸುಗಳಿಗೆ ತಲೆತಲಾಂತರ ಕೂಡಿಸಿ ಬೆಳೆಸಿದ ತಳಿ. ಪರೀಕ್ಷಿಸಿದಾಗ ಬಹುಪಾಲು ಹಸುಗಳ ಮೈಟೊಕಾಂಡ್ರಿಯ ಇನ್ನೂ ಆ ಹಳೆಯ ಯೂರೋಪಿಯನ್ ಅಜ್ಜಿಯರದೇ. ಅವನ ಕೊಟ್ಟಿಗೆಯಲ್ಲಿ ಅದೇ ಕಥೆ ತಿರುವುಮುರುವಾಗಿದೆ. ಬಣ್ಣ ಕಪ್ಪು ಬಿಳುಪು, ಬೆನ್ನು ಮಟ್ಟಸ, ಒಲೆ ಮಾತ್ರ ಗೌರಿಯದು, ಒಂದಕ್ಷರವೂ ಬದಲಾಗದೆ ಇರಬಹುದು.

ಅವನು ಕರೆ ಮಾಡಿದ್ದಕ್ಕೆ ಕಾರಣ ಆಮೇಲೆ ತಿಳಿಯಿತು. ಹೋದ ವರ್ಷ ಆ ಹಸುವಿಗೆ ಹಳ್ಳಿಕಾರ್ ಹೋರಿಯ ವೀರ್ಯ ಹಾಕಿಸಿದ್ದನಂತೆ. ಹಸು ಈದಿದೆ, ಹೆಣ್ಣುಗರು. ಈ ಕರುವಿನಲ್ಲಿ ಹಳ್ಳಿಕಾರ್ ಅರ್ಧ ಇದೆ, ನಿಜವಾದ ಅರ್ಧ. ಆದರೆ ಅದು ಹೊಸ ಹೋರಿಯದು. ಗೌರಿಯದು ಒಂದೋ ಎರಡೋ ತುಂಡು, ಮತ್ತೆ ಆ ಒಲೆ. ಹೀಗೆಂದು ಬಿಡಿಸಿ ಹೇಳಿದೆ. ಅರ್ಥವಾಯಿತು ಎಂದ. ಹೆಸರು ಮಾತ್ರ ಆಗಲೇ ಗೌರಿ ಎಂದು ಇಟ್ಟಾಗಿದೆಯಂತೆ.

ಬರುವ ಭಾನುವಾರ ಕರುವನ್ನು ನೋಡಲು ಹೋಗುವವನಿದ್ದೇನೆ. ಅವನ ತಂದೆ ಇನ್ನೂ ಗಟ್ಟಿಯಾಗಿದ್ದಾರೆ. ಮೇಷ್ಟ್ರು ಬಂದರೆ ಲೆಕ್ಕ ಹಾಕುವುದು ಬೇಡ, ಸುಳಿ ನೋಡಿ ಹೇಳಲಿ ಎಂದಿದ್ದಾರಂತೆ.